ಹೊಳೆನೀರಿನಲ್ಲಿ ಮಿಂದ ವ್ಯಾನು

ಆಯುಧಪೂಜೆಯ ದಿನ ನಮ್ಮ ವ್ಯಾನಿಗೆ ಆದಷ್ಟು ಉಪಚಾರ ಮದುವೆಯ ದಿನ ನನಗೂ ಆಗಿರಲಿಲ್ಲ. ಮೂತಿಗೆ ಗೊಂಡೆ ಹೂವಿನ ಮಾಲೆ, ಗಾಜಿಗೆ ಗಂಧ ಕುಂಕುಮ, ಎದುರಿಗೆ ಮಾವಿನೆಲೆ, ಚಕ್ರಗಳ ಅಡಿಗೆ ಲಿಂಬೆಹಣ್ಣು. ಅತ್ತೆ ಆರತಿ ಎತ್ತಿ ದೃಷ್ಟಿ ತೆಗೆದರು. ನಾನು ಲಿಂಬೆಹಣ್ಣಿನ ಮೇಲೆ ಹತ್ತಿಸಿ, ಅಂಗಳದಲ್ಲಿ ಒಂದು ಸುತ್ತು ತಿರುಗಿಸಿ ತೆಂಗಿನ ಮರದ ಬುಡದಲ್ಲಿ ನಿಲ್ಲಿಸಿದೆ. ಮರುದಿನ ದಶಮಿ, ಮೀನಿಗೆ ರಜೆ. ಅದರ ಮರುದಿನ ಬೆಳಿಗ್ಗೆ ಬಂದರಿಗೆ ಹೊರಟು ಕೀ ತಿರುಗಿಸಿದರೆ ಟರ್ರ ಟರ್ರ ಎಂದು ತಿರುಗುತ್ತದೆಯೇ ಹೊರತು ಇಂಜಿನ್ ಹಿಡಿಯುವುದೇ ಇಲ್ಲ. ಪೂಜೆ ಮಾಡಿಸಿಕೊಂಡ ಮೇಲೆ ಮೂತಿ ತಿರುಗಿಸುವುದು ಗಂಡಸರ ಜಾತಿ ಮಾತ್ರ ಎಂದು ನಾನು ಅಲ್ಲಿಯ ತನಕ ತಿಳಿದಿದ್ದೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಇಳಿದು ಚಕ್ರಕ್ಕೆ ಒಂದು ಒದ್ದೆ. ನೋವಾದದ್ದು ನನ್ನ ಹೆಬ್ಬೆರಳಿಗೆ. ಹಿಂದಿನ ಸೀಟಿನಲ್ಲಿ ಖಾಲಿ ಮೀನಿನ ಕ್ರೇಟುಗಳ ನಡುವೆ ಕೂತಿದ್ದ ಅತ್ತೆ ಕವಳದ ಸಂಚಿ ಬಿಚ್ಚಿ ಒಂದು ವೀಳ್ಯದೆಲೆ ತೆಗೆದು, ಸುಣ್ಣ ಹಚ್ಚದೆ, ಹಾಗೆಯೇ ಕೈಯಲ್ಲಿ ಹಿಡಿದುಕೊಂಡರು. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ಮರೆತರೆಂದರೆ ವಿಷಯ ಸಣ್ಣದಲ್ಲ ಎಂದು ನನಗೆ ಗೊತ್ತಿತ್ತು.

ಯಾಕೆ ಸಣ್ಣದಲ್ಲ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಮದುವೆಯಾಗಿ ಕುಂದಾಪುರದ ಕೋಡಿಗೆ ಬಂದದ್ದು ತೊಂಬತ್ತೇಳರಲ್ಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಮರಳಿನ ಮೇಲೆ ನಮ್ಮ ಮನೆ. ನನ್ನ ತವರು ಬಿಜೂರು. ಅಲ್ಲಿ ನಾವು ಗದ್ದೆಯವರು, ಮೀನು ಕೊಂಡು ತಿನ್ನುವವರು. ಬಾವಿಯಲ್ಲಿ ನೀರು ಬೇಕಾದಷ್ಟು. ಬಂದ ವಾರದಲ್ಲೇ ನಾನು ಒಂದು ಬುಟ್ಟಿ ಬಂಗುಡೆಯನ್ನು ಬಾವಿಕಟ್ಟೆಗೆ ತಂದು, ಕೊಡಪಾನ ಕೊಡಪಾನ ಸೇದಿ, ಚೆಂದ ಮಾಡಿ ತೊಳೆದೆ. ಹೊಗಳುತ್ತಾರೆ ಎಂದು ಕಾದು ನಿಂತರೆ ಅತ್ತೆ ಓಡಿ ಬಂದು ಬುಟ್ಟಿ ಕಿತ್ತುಕೊಂಡರು. ಮಾರುವ ಮೀನಿಗೆ ಸಿಹಿನೀರು ತಾಗಿದರೆ ಸಂಜೆಯ ತನಕ ನಿಲ್ಲುವುದಿಲ್ಲ, ಕಣ್ಣು ಬೆಳ್ಳಗಾಗಿ ಮೈ ಮೆತ್ತಗಾಗುತ್ತದೆ. ಮೀನು ಹುಟ್ಟಿದ ನೀರಿನಲ್ಲೇ ಅದನ್ನು ತೊಳೆಯಬೇಕು. ಮೀನಿನದ್ದು ಏನೇ ಇರಲಿ, ಬುಟ್ಟಿ, ಕತ್ತಿ, ಹಲಗೆ, ಎಲ್ಲಕ್ಕೂ ಕಡಲಿನ ಉಪ್ಪು ಬೆರೆತ ಹೊಳೆನೀರು.

ಅದಕ್ಕಿಂತ ದೊಡ್ಡ ತಪ್ಪು ಬಾವಿಯದ್ದು. ಕೋಡಿಯ ಬಾವಿಯಲ್ಲಿ ಸಿಹಿನೀರು ಹಾಲಿನ ಮೇಲಿನ ಕೆನೆಯ ಹಾಗೆ, ಮೇಲೆ ಮೇಲೆ ಮಾತ್ರ. ಮನಸ್ಸು ಬಂದಂತೆ ಸೇದಿದರೆ ಅಡಿಯಿಂದ ಉಪ್ಪು ಏರುತ್ತದೆ, ಮತ್ತೆ ಮಳೆ ಬರುವ ತನಕ ಆ ಬಾವಿ ಇದ್ದೂ ಇಲ್ಲದ ಲೆಕ್ಕ. ಹಾಗಾಗಿ ಬೆಳಿಗ್ಗೆ ಯಾರಿಗೆ ಎಷ್ಟು ನೀರು ಎನ್ನುವುದು ಅತ್ತೆಯ ಕೈಯಲ್ಲಿತ್ತು. ಅನ್ನಕ್ಕೆ, ಕುಡಿಯಲು, ಮೀಯಲು ಒಂದಿಷ್ಟು. ಮೀನಿನ ಬಾಲ್ದಿ ಬಾವಿಯ ಹತ್ತಿರ ಸುಳಿಯಬಾರದು. ಅವತ್ತು ಬೈಸಿಕೊಂಡವಳು ನಾನು ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಆಗ ಅತ್ತೆ ತಲೆಹೊರೆಯಲ್ಲಿ ಮೀನು ಮಾರುತ್ತಿದ್ದರು. ಅಲ್ಯೂಮಿನಿಯಂ ಬೋಗುಣಿಯಲ್ಲಿ ಮೀನು ತುಂಬಿ, ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಬೋಗುಣಿ ಏರಿಸಿ, ಬಸ್ಸಿನಲ್ಲಿ ಕೋಟಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಾಯ್ಬ್ರಕಟ್ಟೆ ದಾಟಿ ಕೊಕ್ಕರ್ಣೆಗೆ. ಬಸ್ಸಿನವರಿಗೂ ಅವರಿಗೂ ದಿನಾ ಜಗಳ. ಮೀನಿನ ನೀರು ಸೋರುತ್ತದೆ ಎಂದು ಕಂಡಕ್ಟರ್ ಹೇಳಿದರೆ, ನಿನ್ನ ಬಸ್ಸಿನ ಮಾಡು ಸೋರುವುದನ್ನು ಮೊದಲು ನಿಲ್ಲಿಸು ಎಂದು ಅತ್ತೆ ಹೇಳುವುದು. ಕೊಕ್ಕರ್ಣೆಯಲ್ಲಿ ಮಾತ್ರ ಅವರಿಗೆ ಮರ್ಯಾದೆ. ಯಾವ ಮನೆಗೆ ಮುಳ್ಳಿಲ್ಲದ ಮೀನು ಬೇಕು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಿಗಡಿ ತಿಂದರೆ ಮೈ ತುರಿಸುತ್ತದೆ, ಎಲ್ಲವೂ ಅವರ ತಲೆಯಲ್ಲಿತ್ತು. ಎರಡು ಮೂರು ಮದುವೆ ಅವರ ಬಾಯಿಂದಲೇ ಕುದುರಿದೆ. ಸಂಜೆ ಬರುವಾಗ ಬೋಗುಣಿಯಲ್ಲಿ ಸೌತೆಕಾಯಿ, ಬಾಳೆಗೊನೆ, ಕೆಲವು ಸಲ ಒಂದು ಸೇರು ಅಕ್ಕಿ. ಮನೆಯಲ್ಲಿ ಕೂತ ದಿನ ಅವರಿಗೆ ಜ್ವರ ಬಂದ ಹಾಗೆ.

ಆಮೇಲೆ ಮೊಣಕಾಲು ಹೋಯಿತು. ಒಂದು ಮಳೆಗಾಲ ಸಾಯ್ಬ್ರಕಟ್ಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಮಡಚಿ, ಬೋಗುಣಿ ಸಮೇತ ರಸ್ತೆಗೆ ಬಿದ್ದರು. ಪುಣ್ಯಕ್ಕೆ ಹಿಂದೆ ಬರುತ್ತಿದ್ದ ಲಾರಿಯವ ಬ್ರೇಕ್ ಒತ್ತಿದ. ಅವರನ್ನು ಮನೆಗೆ ಕರೆತಂದ ದಿನ ನನ್ನ ಗಂಡ ಊಟ ಮಾಡಲಿಲ್ಲ. ಅವರು ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವರು. ಕಡಲಿಗೆ ಹೋದರೆ ವಾರ, ಹತ್ತು ದಿನ. ನಡುನೀರಿನಲ್ಲಿರುವಾಗ ಅಬ್ಬೆ ಎಲ್ಲಿ ಬಿದ್ದಿದ್ದಾಳೋ ಎಂದು ಯೋಚಿಸುತ್ತಾ ಇರಲು ನನ್ನಿಂದಾಗದು ಎಂದರು. ಅತ್ತೆ ಮನೆಯಲ್ಲಿ ಕೂರಲು ತಮ್ಮಿಂದಾಗದು ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಕಡೆಗೆ ಬಿಜೂರಿನಲ್ಲಿ ನನ್ನ ತಮ್ಮನ ಗುರ್ತದವರೊಬ್ಬರು ಶಾಲೆ ಮಕ್ಕಳನ್ನು ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ಕೊಡುತ್ತಾರೆಂದು ಗೊತ್ತಾಯಿತು. ಕಾರ್ಬುರೇಟರ್ ಕಾಲ ಮುಗಿದು ಪೆಟ್ರೋಲನ್ನು ಪಂಪಿನಿಂದ ತಳ್ಳುವ ಇಂಜೆಕ್ಷನ್ ಶುರುವಾದ ಹೊಸತರಲ್ಲಿ ಬಂದ ಗಾಡಿ. ನಾನು ಕುಂದಾಪುರದಲ್ಲಿ ಡ್ರೈವಿಂಗ್ ಕಲಿತೆ. ಕಲಿಸಿದವರ ಕೂದಲು ನನ್ನಿಂದಲೇ ಬೆಳ್ಳಗಾದದ್ದು ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ.

ವ್ಯಾನು ತಂದ ದಿನ ಇವರು ಅಬ್ಬೆಯ ಎದುರು ಒಂದು ಷರತ್ತು ಹಾಕಿದ್ದರು. "ಗಾಡಿ ಇಪ್ಪಷ್ಟ್ ದಿನ ಹೋಗ್. ಗಾಡಿ ನಿಂತ್ ದಿನ ನೀನೂ ನಿಲ್ಕ್. ಮತ್ತೆ ತಲಿ ಮೇಲ್ ಹೊರೂದ್ ಇಲ್ಲೆ." ಅತ್ತೆ ಆಗ ಹೂಂ ಎಂದಿದ್ದರು. ಹೊಸ ಸೀರೆ ಸಿಕ್ಕಿದಾಗ ಯಾರು ಬೇಕಾದರೂ ಹೂಂ ಎನ್ನುತ್ತಾರೆ.

ಹೀಗೆ ನಾಲ್ಕಾರು ವರ್ಷ ಸುಖವಾಗಿ ನಡೆಯಿತು. ನಿಜ ಹೇಳಬೇಕೆಂದರೆ ನನ್ನ ಬದುಕಿನ ಬಲು ಒಳ್ಳೆಯ ವರ್ಷಗಳು ಅವು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಐಸ್ ಹಾಕಿ, ಹೆದ್ದಾರಿಯಲ್ಲಿ ಕೋಟದ ತನಕ ಹೋಗಿ ಒಳಕ್ಕೆ ತಿರುಗಿದರೆ ಗಾಳಿಯೇ ಬೇರೆ. ಅತ್ತೆ ಹಿಂದಿನಿಂದ ದಾರಿ ಹೇಳುತ್ತಿದ್ದರು, ನನಗೆ ಗೊತ್ತಿದ್ದ ದಾರಿಯನ್ನೇ. ಬಸ್ಸು ಎದುರಾದರೆ ಹಾರ್ನ್ ಹೊಡೆ ಎಂದು ಹಠ ಮಾಡುತ್ತಿದ್ದರು, ಹಳೆಯ ಸೇಡಿಗೆ. ಸಂಜೆ ಮನೆಗೆ ಬಂದ ಕೂಡಲೇ ವ್ಯಾನನ್ನು ಹೊಳೆಬದಿಗೆ ಇಳಿಸಬೇಕು, ಅತ್ತೆ ಕ್ರೇಟುಗಳ ಜೊತೆಗೆ ಅದನ್ನೂ ಬಾಲ್ದಿ ಬಾಲ್ದಿ ನೀರು ಎರಚಿ ತೊಳೆಯಬೇಕು. ಮೊಣಕಾಲು ನೋವಿದ್ದರೂ ಆ ಕೆಲಸ ನನಗೆ ಬಿಟ್ಟುಕೊಡಲಿಲ್ಲ. ಅಡಿಗೆಲ್ಲ ಕೈ ಹಾಕಿ ಎರಚುತ್ತಿದ್ದರು. ಆಯುಧಪೂಜೆಗಂತೂ ಎಂದಿಗಿಂತ ಹೆಚ್ಚು ಹೊತ್ತು ಮೀಯಿಸಿದ್ದರು.

ಈಗ ಅದೇ ಗಾಡಿ ನಿಂತಿತ್ತು.

ಇವರು ಪೂಜೆಗೆಂದು ಮನೆಯಲ್ಲಿದ್ದರು, ನಾಡಿದ್ದು ಬೋಟು ಹತ್ತುವವರು. ಬಂದು ಒಂದೆರಡು ಸಲ ಕೀ ತಿರುಗಿಸಿ ನೋಡಿದರು. ಬ್ಯಾಟರಿ ಸರಿ ಇದೆ, ಸೆಲ್ಫ್ ಗಟ್ಟಿಯಾಗಿ ತಿರುಗುತ್ತದೆ, ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಮೇಲಿದೆ. ಕುಂದಾಪುರದಿಂದ ಮೆಕ್ಯಾನಿಕ್ ಬಂದ. ಮುಂದಿನ ಸೀಟು ಎತ್ತಿ, ಅದರಡಿಯ ಇಂಜಿನ್ನಿನಿಂದ ಪ್ಲಗ್ ಬಿಚ್ಚಿ, ಗಾಡಿಯ ಕಬ್ಬಿಣಕ್ಕೆ ತಾಗಿಸಿ ಕಿಡಿ ಬರುವುದನ್ನು ತೋರಿಸಿದ. ಕಿಡಿ ಇದೆ, ಪೆಟ್ರೋಲ್ ಬರುತ್ತಿಲ್ಲ ಎಂದ. ಅಷ್ಟು ಹೊತ್ತು ಸೆಲ್ಫ್ ಹೊಡೆದರೂ ಸೈಲೆನ್ಸರಿನ ಬಾಯಲ್ಲಿ ಪೆಟ್ರೋಲಿನ ವಾಸನೆಯೇ ಇರಲಿಲ್ಲ. ಇಂಜೆಕ್ಷನ್ ಗಾಡಿಗೆ ಟ್ಯಾಂಕಿನ ಒಳಗೇ ಕರೆಂಟಿನ ಪಂಪ್ ಇರುತ್ತದೆ, ಅದು ಸತ್ತಿರಬೇಕು. ಅದಲ್ಲವಾದರೆ ಕಂಪ್ಯೂಟರ್ ಪೆಟ್ಟಿಗೆ. ಎರಡೂ ತರಿಸಿ ಹಾಕುವಷ್ಟು ಬೆಲೆ ಈ ಗಾಡಿಗೇ ಇಲ್ಲ, ಗುಜರಿಗೆ ಕೊಟ್ಟುಬಿಡಿ ಎಂದ. ಅವನದ್ದು ತಪ್ಪಲ್ಲ. ಅವನಿಗೆ ಅವತ್ತು ಬೇರೆ ಮೂರು ಕಡೆಯಿಂದ ಕರೆ ಬರುತ್ತಿತ್ತು.

ಮೆಕ್ಯಾನಿಕ್ ಹೋದದ್ದೇ ಇವರು ಜಗಲಿಯಲ್ಲಿ ಕೂತು ಗುಜರಿಯವನಿಗೆ ಫೋನ್ ಮಾಡಿದರು. ನಾಳೆ ಬೆಳಿಗ್ಗೆ ಬರುತ್ತೇನೆಂದು ಅವನು ಹೇಳಿದ್ದು ನನಗೂ ಕೇಳಿಸಿತು. ಇವರ ಮುಖದಲ್ಲಿ ಬೇಸರ ಇರಲಿಲ್ಲ. ದೊಡ್ಡ ಹೊರೆ ಇಳಿದ ಹಾಗೆ ಕಂಡರು. ನನಗೆ ಅದನ್ನು ಕಂಡೇ ಮೈ ಉರಿಯಿತು.

ಬೈಯಲು ಒಳಗೆ ಹೋದರೆ ಅತ್ತೆ ಮಂಚದಡಿಯಿಂದ ಹಳೆಯ ಬೋಗುಣಿ ಎಳೆದು ತೆಗೆದಿದ್ದರು. ಅದನ್ನು ಅವರು ಇಷ್ಟು ವರ್ಷ ಇಟ್ಟುಕೊಂಡಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ತಲೆಯ ಮೇಲೆ ಕೂತು ಕೂತು ಅಡಿ ಒಳಕ್ಕೆ ತಗ್ಗಾಗಿದ್ದ ಬೋಗುಣಿ. ಹಿಂಬದಿಯ ಮೆಟ್ಟಿಲಲ್ಲಿ ಕಾಲು ನೀಡಿ ಕೂತು ಬೂದಿ, ತೆಂಗಿನ ನಾರು ಹಾಕಿ ತಿಕ್ಕುತ್ತಿದ್ದರು. ಪಕ್ಕದಲ್ಲಿ ಹಳೆಯ ಸೀರೆಯ ತುಂಡು, ಸಿಂಬೆ ಸುತ್ತಲು. ಎಂತ ಮಾಡುವುದು ಇದು ಎಂದು ಕೇಳಿದೆ. ಬೆಳಿಗ್ಗೆಯ ಬಸ್ಸು ಈಗಲೂ ಅದೇ ಹೊತ್ತಿಗೆ ಅಲ್ಲವಾ ಎಂದು ನನ್ನನ್ನೇ ಕೇಳಿದರು.

ಷರತ್ತು ಗಿರತ್ತು ಎಲ್ಲ ಇವರ ತಲೆಯಲ್ಲಿ ಮಾತ್ರ ಇದ್ದದ್ದು. ಇವರು ಕಡಲಿಗೆ ಹೋದ ಮರುದಿನ ಅತ್ತೆ ಆ ಮೊಣಕಾಲಿನಲ್ಲೇ ಬಸ್ಸು ಹತ್ತುತ್ತಾರೆ, ಬೀಳುತ್ತಾರೆ. ಹಿಂದೆ ಬರುವ ಎಲ್ಲ ಲಾರಿಯವರೂ ಬ್ರೇಕ್ ಒತ್ತುತ್ತಾರೆಂದು ಏನು ಖಾತ್ರಿ? ತಡೆಯಲು ನನ್ನಿಂದಾಗುತ್ತದೆಯೇ? ಇಷ್ಟು ವರ್ಷದಲ್ಲಿ ಅತ್ತೆಯನ್ನು ಒಂದು ಮಾತಿಗೆ ಒಪ್ಪಿಸಿದವರನ್ನು ನಾನು ಕಂಡಿಲ್ಲ. ವ್ಯಾನು ಹೊರಡಲೇಬೇಕು, ಬೇರೆ ದಾರಿ ಇಲ್ಲ.

ಜಗಲಿಗೆ ಬಂದೆ. ಇವರು ಕಾಲಾಡಿಸುತ್ತಾ ಕೂತಿದ್ದರು.

"ಹ್ವಾಯ್," ಎಂದೆ. "ನಿಮ್ಮ ಬೋಟ್ ನಡುನೀರಗೆ ನಿಂತ್ರೆ ನೀವ್ ಗುಜ್ರಿಯವನಿಗೆ ಫೋನ್ ಮಾಡ್ತ್ರ್ಯಾ?"

ಆಡುವ ಕಾಲು ನಿಂತಿತು. ಇವರನ್ನು ಒಳ್ಳೆಯ ಗಂಡ ಅಲ್ಲ ಎಂದರೆ ನಗುತ್ತಾರೆ. ಒಳ್ಳೆಯ ಇಂಜಿನ್ ಕೆಲಸದವ ಅಲ್ಲ ಎಂದರೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ. ಅದು ಡೀಸೆಲ್, ಇದು ಪೆಟ್ರೋಲ್, ಇದಕ್ಕೆ ಕಂಪ್ಯೂಟರ್ ಉಂಟು ಎಂದೆಲ್ಲ ಗೊಣಗಿದರು. ಕುಣಿಯಲು ಬಾರದವಳು ಅಂಗಳ ಡೊಂಕು ಎಂದಳಂತೆ ಎಂದು ನಾನು ತೆಂಗಿನ ಮರಕ್ಕೆ ಹೇಳಿದೆ. ಇವರು ಎದ್ದು ಒಳಗೆ ಹೋಗಿ ಬೋಟಿನ ಸಾಮಾನಿನ ಪೆಟ್ಟಿಗೆ ತಂದರು.

ಆಗ ನನಗೆ ಒಂದು ನೆನಪಾಯಿತು. ವರ್ಷಗಟ್ಟಲೆ ಬೆಳಿಗ್ಗೆ ಕೀ ತಿರುಗಿಸಿದವಳು ನಾನು. ಸೆಲ್ಫ್ ಹೊಡೆಯುವ ಮೊದಲು, ಕೀ ಒಂದು ಹಂತ ತಿರುಗಿಸಿದ ಕೂಡಲೇ ಹಿಂದಿನಿಂದ ಗುಂಯ್ ಎಂದು ಸಣ್ಣ ಶಬ್ದ ಬರುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು, ಮತ್ತೆ ನಿಲ್ಲುತ್ತಿತ್ತು. ದಿನಾ ಕೇಳಿ ಕೇಳಿ ಅದು ಕಿವಿಗೆ ಬೀಳದ ಹಾಗಾಗಿತ್ತು. ಈಗ ಇಲ್ಲದಿರುವಾಗ ಗೊತ್ತಾಯಿತು. ಹೇಳಿದೆ. ಇವರ ಕಣ್ಣು ಅರಳಿತು. ಅದೇ ಪಂಪು ಎಂದರು. ಅದು ಓಡುತ್ತಿಲ್ಲ. ಆದರೆ ಓಡದಿರುವುದೆಲ್ಲ ಸತ್ತದ್ದಲ್ಲ, ಅದಕ್ಕೆ ಕರೆಂಟ್ ಹೋಗುತ್ತಿದೆಯಾ ನೋಡಬೇಕು.

ಮೊದಲು ಫ್ಯೂಸ್. ಪಂಪಿನ ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರೆ ತಂತಿ ತುಂಡಾಗಿರಲಿಲ್ಲ. ಆಮೇಲೆ ಕರೆಂಟ್ ಬಿಡುವ ರಿಲೇ ಎಂಬ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ. ಪಂಪಿನದ್ದೂ ಹಾರ್ನಿನದ್ದೂ ಒಂದೇ ಅಚ್ಚು. ಇವರು ಎರಡನ್ನೂ ಅದಲು ಬದಲು ಮಾಡಿದರು. ಪಂಪಿನ ಡಬ್ಬಿ ಕೆಟ್ಟಿದ್ದರೆ ಈಗ ಹಾರ್ನ್ ಬರಬಾರದು. ನಾನು ಹಾರ್ನ್ ಒತ್ತಿದೆ. ಪಕ್ಕದ ಮನೆಯ ಕೋಳಿಗಳು ಹೊಳೆಯ ತನಕ ಓಡಿದವು. ಹಾಗಾದರೆ ರಿಲೇಯೂ ಸರಿ.

ಉಳಿದದ್ದು ವಯರು. ಹಿಂದಿನ ಚಕ್ರದ ಹತ್ತಿರ ಗೋಣಿ ಹಾಸಿ ಇವರು ಗಾಡಿಯ ಅಡಿಗೆ ತೂರಿಕೊಂಡರು. ಕೈಯಲ್ಲಿ ಎರಡು ವಯರು ಕಟ್ಟಿದ ಒಂದು ಸಣ್ಣ ಬಲ್ಬು, ಬೋಟಿನಲ್ಲಿ ಕರೆಂಟ್ ಹುಡುಕುವ ಬಲ್ಬು. ಪಂಪಿಗೆ ಎರಡು ವಯರು ಹೋಗುತ್ತದೆ. ಒಂದರಲ್ಲಿ ಕರೆಂಟ್ ಬರುತ್ತದೆ, ಇನ್ನೊಂದು ಗಾಡಿಯ ಕಬ್ಬಿಣಕ್ಕೆ ಬೋಲ್ಟಿನಲ್ಲಿ ಬಿಗಿದ ಅರ್ತ್. ಬರುವ ದಾರಿಯೂ ಬೇಕು, ಹೋಗುವ ದಾರಿಯೂ ಬೇಕು. ಕೀ ತಿರುಗಿಸಿದ ಆ ಗಳಿಗೆ ಮಾತ್ರ ಕರೆಂಟ್ ಬರುವುದರಿಂದ ನಾನು ಮುಂದೆ ಕೂತು ತಿರುಗಿಸುವುದು, ಇವರು ಅಡಿಯಲ್ಲಿ ಬಲ್ಬು ನೋಡುವುದು. ತಿರುಗಿಸು ಎನ್ನುವ ಮೊದಲೇ ತಿರುಗಿಸಿದೆ ಎಂದು ಬೈದರು. ಹೇಳಿದ ಮೇಲೆ ತಿರುಗಿಸಿದರೆ ತಡವಾಯಿತು ಎಂದು ಬೈದರು. ಗಾಡಿಯ ಅಡಿಯಲ್ಲಿ ಮಲಗಿದ ಗಂಡನ ಮೇಲೆ ಮೇಲಿನಿಂದ ಕೂಗುವ ಸುಖ ಎಲ್ಲ ಹೆಂಗಸರಿಗೂ ಸಿಗುವುದಿಲ್ಲ. ನಾನು ಪೂರ್ತಿ ಅನುಭವಿಸಿದೆ.

ಬಲ್ಬಿನ ಒಂದು ವಯರನ್ನು ಕರೆಂಟ್ ಬರುವಲ್ಲಿಗೂ ಇನ್ನೊಂದನ್ನು ಉಜ್ಜಿದ ಕಬ್ಬಿಣಕ್ಕೂ ಹಿಡಿದಾಗ ಮಿಣ್ಣನೆ ಬೆಳಗಿ ಆರಿತು. ಅಂದರೆ ಕರೆಂಟ್ ಬರುತ್ತಿದೆ. ಅದೇ ಬಲ್ಬನ್ನು ಪಂಪಿನದ್ದೇ ಎರಡು ವಯರಿನ ನಡುವೆ ಹಿಡಿದರೆ ಬೆಳಗಲಿಲ್ಲ. ಮತ್ತೊಮ್ಮೆ ತಿರುಗಿಸಲು ಹೇಳಿದರು. ಬೆಳಗಲಿಲ್ಲ. ಆಮೇಲೆ ಅಡಿಯಿಂದ ಇವರು ನಗುವುದು ಕೇಳಿಸಿತು.

"ಅರ್ತ್ ಇಲ್ಲೆ ಕಾಣ್," ಎಂದರು. "ಪಂಪ್ ಸಾಯ್ಲಿಲ್ಲ. ಹೋಪು ದಾರಿ ಕಡ್ದ್ ಹೋಯ್ತ್, ಅಷ್ಟೇ."

ಅರ್ತ್ ವಯರು ಬಿಗಿದ ಬೋಲ್ಟು ಮುಟ್ಟಿದರೆ ಪುಡಿಯಾಗುತ್ತಿತ್ತು. ವಯರಿನ ತುದಿಯ ಹಸಿರು ಹೊಟ್ಟು ಹಾಗೇ ಕೈಗೆ ಉದುರಿತು. ಇವರು ಹೊರಗೆ ಬಂದು ಅಂಗೈಯಲ್ಲಿ ಹಿಡಿದು ತೋರಿಸಿದರು. ಕಬ್ಬಿಣವನ್ನು ಉಪ್ಪುಕಾಗದದಿಂದ ಬೆಳ್ಳಗೆ ಕಾಣುವ ತನಕ ಉಜ್ಜಿ, ವಯರನ್ನು ಒಳ್ಳೆಯದಿರುವಲ್ಲಿಯ ತನಕ ಕತ್ತರಿಸಿ, ಹೊಸ ತುದಿ ಹಾಕಿ, ಹೊಸ ಬೋಲ್ಟಿನಲ್ಲಿ ಬಿಗಿದು, ಮೇಲಿನಿಂದ ಗ್ರೀಸ್ ಮೆತ್ತಿದರು. ನಾನು ಕೀ ಒಂದು ಹಂತ ತಿರುಗಿಸಿದೆ. ಗುಂಯ್. ಇನ್ನೊಂದು ಹಂತ ತಿರುಗಿಸಿದೆ. ಮುಟ್ಟಿದ್ದೇ ಹಿಡಿಯಿತು. ನಾನು ಸ್ಟೇರಿಂಗ್ ಹಿಡಿದು ಕೂತಲ್ಲೇ ಅತ್ತುಬಿಟ್ಟೆ. ಇವರಿಗೆ ಕಾಣದ ಹಾಗೆ ಸೆರಗಿನಿಂದ ಒರೆಸಿಕೊಂಡೆ.

ಇಂಜಿನ್ ಶಬ್ದ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರ ಮುಖ ಪೂಜೆಯ ದಿನಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಇವರು ಗೆದ್ದ ಸಂತೋಷದಲ್ಲಿ ಅಂಗೈಯ ಹೊಟ್ಟನ್ನು ಅಬ್ಬೆಯ ಮುಂದೆ ಹಿಡಿದರು.

"ಅಬ್ಬೆ, ಇದ್ ಉಪ್ಪ್ ತಿಂದದ್ದ್. ದಿನಾ ಹೊಳಿನೀರ್ ಎರ್ಚಿ ಎರ್ಚಿ ನೀನೇ ಗಾಡಿನ ಉಪ್ಪಿಗ್ ಹಾಕಿದ್ದೆ, ಒಣಮೀನ್ ಮಾಡ್ದಾಂಗೆ."

ತಮಾಷೆಗೆ ಹೇಳಿದ್ದು. ಅತ್ತೆ ನಗಲಿಲ್ಲ. ಆ ಹೊಟ್ಟನ್ನು ಬೆರಳಿನಲ್ಲಿ ತೆಗೆದುಕೊಂಡು, ನಾಲಗೆಯ ತುದಿಗೆ ತಾಗಿಸಿ, ಉಗುಳಿದರು. ತಿರುಗಿ ಒಳಗೆ ಹೋದರು.

ನಾನು ಇವರ ಮೇಲೆ ಹರಿಹಾಯ್ದೆ. ಇವರಿಗೂ ಪಶ್ಚಾತ್ತಾಪವಾಯಿತು, ಆದರೆ ಗುಜರಿಯವನಿಗೆ ಬೇಡ ಎಂದು ಹೇಳಲು ಫೋನ್ ಎತ್ತಲಿಲ್ಲ. ಹೇಳಿದ್ದು ಇಷ್ಟು: ಇವತ್ತು ಒಂದು ವಯರು ಸರಿ ಮಾಡಿದೆ, ನಾಳೆ ಬ್ರೇಕಿನ ಪೈಪು, ನಾಡಿದ್ದು ಅಡಿಯ ತಗಡು. ಉಪ್ಪು ಹಿಡಿದರೆ ಬಿಡುವುದಿಲ್ಲ. ನಾನು ನಡುನೀರಿನಲ್ಲಿರುವಾಗ ಬ್ರೇಕ್ ಹೋದರೆ ನೀವಿಬ್ಬರೂ ಗಾಡಿಯೊಳಗೆ ಇರುತ್ತೀರಿ. ಹೊಳೆನೀರು ನಿಲ್ಲುವುದಾದರೆ ಗಾಡಿ ಇರಲಿ, ಇಲ್ಲವಾದರೆ ಕೊಡುವುದೇ ಸೈ. ಮೀನಿನ ಗಾಡಿಗೆ ಬಾವಿಯ ನೀರು ಹಾಕು ಎಂದು ಅಬ್ಬೆಗೆ ಯಾರು ಹೇಳುವುದು? ನೀ ಹೇಳ್ತ್ಯಾ?

ಬಾವಿನೀರು ಮುಟ್ಟಿಸಿದ್ದಕ್ಕೆ ಬುಟ್ಟಿ ಕಿತ್ತುಕೊಂಡವರು ಅತ್ತೆ. ಅಂಗಳದಲ್ಲಿ ಚೊಂಬು ತುಳುಕಿದರೂ ಮೊಮ್ಮಕ್ಕಳಿಗೆ ಬೈಗುಳ. ಬೆಣ್ಣೆಯಂಥ ಮಾತಿನಲ್ಲಿ ಹೇಳೋಣವೆಂದು ಎರಡು ಸಲ ಅವರ ಹತ್ತಿರ ಹೋಗಿ, ಎರಡು ಸಲವೂ ಬೇರೆ ಏನನ್ನೋ ಹೇಳಿ ಬಂದೆ. ಸಂಜೆ ಅವರು ಗಂಜಿ ಉಂಡು ಬೇಗ ಮಲಗಿದರು. ತಿಕ್ಕಿದ ಬೋಗುಣಿ ಹಿಂಬದಿಯ ಮೆಟ್ಟಿಲ ಮೇಲೆ ಕವುಚಿ ಒಣಗುತ್ತಿತ್ತು. ಅದರ ಮೇಲೆ ಹೊಸ ಸಿಂಬೆ.

ಬೆಳಿಗ್ಗೆ ನಾನು ಎದ್ದದ್ದು ಬಾವಿಯ ರಾಟೆಯ ಕಿರ್ರ್ ಶಬ್ದಕ್ಕೆ. ಬೆಳಕು ಆಗಷ್ಟೇ ಹರಿದಿತ್ತು. ಅತ್ತೆ ಒಂದು ಕೈಯಲ್ಲಿ ಬಾವಿಕಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಿದ್ದರು. ನೀರು ತುಂಬುತ್ತಿದ್ದದ್ದು ಮೀನಿನ ಬಾಲ್ದಿಗಲ್ಲ, ಕುಡಿಯುವ ನೀರಿನ ಹಿತ್ತಾಳೆ ಕೊಡಪಾನಕ್ಕೆ. ಅದನ್ನು ಸೊಂಟಕ್ಕೆ ಒತ್ತಿಕೊಂಡು, ಕುಂಟುತ್ತಾ ವ್ಯಾನಿನ ಹತ್ತಿರ ಹೋದರು. ಎರಚಲಿಲ್ಲ. ಬಟ್ಟೆ ಅದ್ದಿ, ಹಿಂಡಿ, ಒರೆಸಿದರು. ಕೂಸಿನ ಕಿವಿಯ ಸಂದಿ ಒರೆಸುವ ಹಾಗೆ ಬಾಗಿಲಿನ ಸಂದು ಸಂದು ಒರೆಸಿದರು. ಹಿಂಡಿದ ನೀರನ್ನೂ ಚೆಲ್ಲದೆ ಚಕ್ರಕ್ಕೆ ಹಾಕಿದರು.

ನಾನು ಓಡಿ ಹೋಗಿ ಕೊಡಿ ಅತ್ತೆ, ನಾನು ಮಾಡುತ್ತೇನೆ ಎಂದೆ. ಕೊಡಲಿಲ್ಲ.

"ಉಪ್ಪ್ ತಿನ್ಸಿದ್ ನಾನ್," ಎಂದರು. "ನೀರ್ ಎಳುದೂ ನಾನೇ. ನೀ ಹೆದ್ರ್ಬ್ಯಾಡ ಹೆಣೆ, ಬಾವಿ ಉಪ್ಪಾತ್ತಿಲ್ಲೆ. ನಾ ಮೀವ್ ನೀರಗೆ ಕಮ್ಮಿ ಮಾಡ್ಕಂತೆ."

ಹಿಂದೆ ತಿರುಗಿದರೆ ಇವರು ಜಗಲಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಳಿದು ಬಂದು ಬಾವಿಯ ಹಗ್ಗ ಹಿಡಿದರು. ಒಂದು ಕೊಡಪಾನ ಎಳೆದು ಅಬ್ಬೆಯ ಪಕ್ಕದಲ್ಲಿ ಇಟ್ಟರು. ಅತ್ತೆ ಸಾಕು ಎಂದ ಕೂಡಲೇ ನಿಲ್ಲಿಸಿದರು. ಆ ಸಾಕು ಎನ್ನುವುದು ಮಾತ್ರ ಈಗಲೂ ಅವರ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಗುಜರಿಯವ ತನ್ನ ಮೂರು ಚಕ್ರದ ಗಾಡಿಯಲ್ಲಿ ಬಂದೇಬಿಟ್ಟ, ವ್ಯಾನು ಕಟ್ಟಿ ಎಳೆಯಲು ಹಗ್ಗ ಬೇರೆ ತಂದಿದ್ದ. ಇವರಿಗೆ ಮುಖ ಎಲ್ಲಿಡುವುದೆಂದು ಗೊತ್ತಾಗಲಿಲ್ಲ. ಗಾಡಿ ಕೊಡುವುದಿಲ್ಲ ಎಂದು ತಲೆ ಕೆರೆದುಕೊಂಡು ಹೇಳಿದರು. ಇಷ್ಟು ದೂರ ಕರೆಸಿ ಹೀಗೆ ಮಾಡುವುದಾ ಎಂದು ಅವನು ಗೊಣಗಿದ. ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು.

ಅತ್ತೆ ಹಿಂಬದಿಗೆ ಹೋಗಿ ಬೋಗುಣಿ ತಂದು ಅವನ ಕಾಲ ಬುಡದಲ್ಲಿಟ್ಟರು. ಬೆಳ್ಳಗೆ ಹೊಳೆಯುತ್ತಿತ್ತು. ಇವರು ಅಬ್ಬೆಯ ಮುಖ ನೋಡಿದರು, ನಾನೂ ನೋಡಿದೆ. ಗುಜರಿಯವ ಎತ್ತಿ ನೋಡಿ, ಗಟ್ಟಿ ಇದೆಯಲ್ಲ ಅಮ್ಮ, ಇನ್ನೂ ಬಾಳಿಕೆ ಬರುತ್ತದೆ ಎಂದು ಹಾಗೆಯೇ ಗಾಡಿಗೆ ಹಾಕಲು ಹೋದ. ಅತ್ತೆ ಅವನ ತೋಳು ಹಿಡಿದರು.

"ಹಾಂಗೆ ತಕಂಡ್ ಹೋಪ್ಕಾಗ. ಇಲ್ಲೇ ತುಳಿ. ಇಡೀ ಇದ್ರೆ ನಂಗೆ ಮತ್ತೆ ಮನ್ಸ್ ಆತ್ತ್."

ಅವನಿಗೆ ಅರ್ಥವಾಗಲಿಲ್ಲ, ಆದರೂ ಅಂಗಳದಲ್ಲಿಟ್ಟು ಚಪ್ಪಲಿ ಕಾಲಿನಲ್ಲಿ ಎರಡು ಸಲ ತುಳಿದ. ಅತ್ತೆಯ ತಲೆಯಷ್ಟೇ ಅಗಲದ ಆ ತಗ್ಗು ಮಡಚಿ ಚಪ್ಪಟೆಯಾಯಿತು. ಅತ್ತೆ ರೆಪ್ಪೆ ಬಡಿಯದೆ ನೋಡಿದರು. ಇವರು ಮಾತ್ರ ಬಾವಿಯ ಕಡೆ ತಿರುಗಿ ನಿಂತಿದ್ದರು, ನೋಡಲಿಲ್ಲ.

ಗುಜರಿಯವನ ಗಾಡಿ ಗೇಟು ದಾಟಿತು. ಅತ್ತೆ ಸಿಂಬೆಯನ್ನು ಬಿಚ್ಚಿ, ಆ ಬಟ್ಟೆಯಿಂದಲೇ ವ್ಯಾನಿನ ಗಾಜು ಒಮ್ಮೆ ಒರೆಸಿ, ಕ್ರೇಟುಗಳ ನಡುವಿನ ತಮ್ಮ ಜಾಗದಲ್ಲಿ ಹೋಗಿ ಕೂತರು. ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿಕೊಂಡರು. ಕೊಕ್ಕರ್ಣೆಯವರು ನವರಾತ್ರಿ ಕಳೆದು ಮೀನಿಗೆ ಕಾದು ಕೂತಿರುತ್ತಾರೆ, ನೀನು ಇಲ್ಲಿ ನಿಂತು ಎಂತ ನೋಡುವುದು ಎಂದು ನನಗೆ ಬೈದರು. ನಾನು ಹತ್ತಿ ಕೂತು ಕೀ ಒಂದು ಹಂತ ತಿರುಗಿಸಿದೆ. ಹಿಂದಿನಿಂದ ಗುಂಯ್ ಎಂದಿತು.

"ಕೇಂತಾ?" ಎಂದು ಅತ್ತೆ ಕೇಳಿದರು.

ಕೇಳಿಸಿತು ಎಂದೆ.